ಕಾರಿನ ಎಂಜಿನ್ನೋ, ವಿಮಾನದ ಎಂಜಿನ್ನೋ? ಸಣ್ಣ ವಿಮಾನ ಕಟ್ಟುವವರಿಗೊಂದು ಹೋಲಿಕೆ

ಹೂಮಳೆ ಕೈಕೊಟ್ಟ ವರ್ಷಗಳಲ್ಲಿ ಫೆಬ್ರವರಿ ಕೊನೆಯಿಂದ ಮಾರ್ಚ್‌ವರೆಗೆ ಸಕಲೇಶಪುರ, ಮೂಡಿಗೆರೆ ಕಡೆಯ ರೊಬಸ್ಟಾ ಕಾಫಿ ತೋಟಗಳಲ್ಲಿ ಸ್ಪ್ರಿಂಕ್ಲರ್ ಜೆಟ್‌ಗಳಿಗೆ ನೀರು ತಳ್ಳುವ ಡೀಸೆಲ್ ಎಂಜಿನ್‌ಗಳು ಹಗಲು ರಾತ್ರಿ ಎನ್ನದೆ ಓಡುತ್ತವೆ. ಅಂಥದೊಂದು ಬೇಸಿಗೆಯಲ್ಲಿ ನಮ್ಮ ಪಂಪ್‌ಸೆಟ್ಟಿನ ಎಂಜಿನ್ ಕೆಟ್ಟು, ತಕ್ಷಣಕ್ಕೆ ಬದಲಿ ಸಿಗದೆ, ಹಳೆಯ ಜೀಪೊಂದರ ಎಂಜಿನ್ನನ್ನು ಇಳಿಸಿ ಕೆರೆಯ ದಡದಲ್ಲಿ ಪಂಪಿಗೆ ಜೋಡಿಸಿದ್ದೆವು. ಘಾಟಿ ರಸ್ತೆಯಲ್ಲಿ ಇಪ್ಪತ್ತು ವರ್ಷ ದುಡಿದ ಎಂಜಿನ್ ಅದು. ಅದರ ಮೇಲೆ ನಮಗೆ ಯಾವ ಅನುಮಾನವೂ ಇರಲಿಲ್ಲ. ಎರಡನೆಯ ದಿನ ಎಂಜಿನ್ನಿಗೂ ಪಂಪಿಗೂ ನಡುವಿನ ಕಪ್ಲಿಂಗ್‌ನ ರಬ್ಬರು ಹರಿಯಿತು. ಅದನ್ನು ಸರಿಪಡಿಸಿದ ಮೇಲೆ, ನಿಂತಲ್ಲೇ ಓಡುವ ಎಂಜಿನ್ನಿನ ರೇಡಿಯೇಟರಿಗೆ ಗಾಳಿ ಸಾಲದೆ ನೀರು ಕುದಿದು, ಐದನೆಯ ದಿನ ಹೆಡ್ ಗ್ಯಾಸ್ಕೆಟ್ ಹೋಯಿತು. ಬಿಚ್ಚಿ ನೋಡಿದರೆ ಪಿಸ್ಟನ್, ಅದು ತಿರುಗಿಸುವ ಕ್ರ್ಯಾಂಕ್ ಎಂಬ ದಂಡ, ಬೇರಿಂಗ್ ಎಲ್ಲವೂ ಚೆನ್ನಾಗಿಯೇ ಇದ್ದವು. ಹೊಸ ಕೆಲಸಕ್ಕೆಂದು ಅದರ ಸುತ್ತ ನಾವು ಜೋಡಿಸಿದ್ದ ಸಾಮಾನು ಮಾತ್ರ ಒಂದೊಂದಾಗಿ ಸೋತಿತ್ತು.

ಹಾಸನದ ಕೆಲವು ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಚಿಕ್ಕಮಗಳೂರು ಕಡೆಯ ಒಬ್ಬಿಬ್ಬರು ಬೆಳೆಗಾರರೂ ಇಬ್ಬರು ಕೂರುವ ಸಣ್ಣ ವಿಮಾನ ಕಟ್ಟುವ ಆಸೆಯಿಂದ ನನ್ನನ್ನು ಕೇಳುವ ಮೊದಲ ಪ್ರಶ್ನೆ ಒಂದೇ: ವಿಮಾನಕ್ಕೆಂದೇ ಮಾಡಿದ ಎಂಜಿನ್ನಿಗೆ ಅಷ್ಟೊಂದು ಹಣ ಏಕೆ ಕೊಡಬೇಕು, ಲಕ್ಷಾಂತರ ಕಿಲೋಮೀಟರ್ ಓಡಿಯೂ ತಕರಾರು ಮಾಡದ ಕಾರಿನ ಎಂಜಿನ್ ಏಕೆ ಬೇಡ? ಪ್ರಶ್ನೆ ನ್ಯಾಯವಾದದ್ದು. ಅಮೆರಿಕದಲ್ಲಿ ಬರ್ನಾರ್ಡ್ ಪೀಟನ್‌ಪೋಲ್ 1929ರಲ್ಲಿಯೇ ಫೋರ್ಡ್ ಮಾಡೆಲ್ ಎ ಕಾರಿನ ಎಂಜಿನ್ನನ್ನು ತಮ್ಮ ವಿಮಾನಕ್ಕೆ ಹಾಕಿ ಹಾರಿಸಿದ್ದರು. ಆ ಪರಂಪರೆ ಇಂದಿಗೂ ನಿಂತಿಲ್ಲ. ಆದರೆ ನಂಬಿಕೆಗೆ ಅರ್ಹವೋ ಅಲ್ಲವೋ ಎಂದು ಅಳೆಯಬೇಕಾದದ್ದು ಬರಿಯ ಎಂಜಿನ್ನನ್ನಲ್ಲ. ಇಂಧನದ ಟ್ಯಾಂಕಿನಿಂದ ಪ್ರೊಪೆಲ್ಲರಿನ ತುದಿಯವರೆಗಿನ ಇಡೀ ಸರಣಿಯನ್ನು ಅಳೆಯಬೇಕು, ಮತ್ತು ಅದೇ ಸರಣಿಯನ್ನು ನಿಮಗಿಂತ ಮೊದಲು ಎಷ್ಟು ಜನ ಎಷ್ಟು ಗಂಟೆ ಹಾರಿಸಿದ್ದಾರೆ ಎಂಬುದನ್ನು ನೋಡಬೇಕು. ಈ ಹೋಲಿಕೆಯನ್ನು ನಾನು ಅದೇ ಅಳತೆಗೋಲಿನಿಂದ ಮಾಡಿದ್ದೇನೆ.

ನಮ್ಮ ನೆಲದ ಲೆಕ್ಕ

ಹಾಸನ ಸಮುದ್ರಮಟ್ಟದಿಂದ ಸುಮಾರು 970 ಮೀಟರ್, ಚಿಕ್ಕಮಗಳೂರು ಸುಮಾರು 1,090 ಮೀಟರ್ ಎತ್ತರದಲ್ಲಿವೆ. ಬಿಸಿಲೇರಿದಂತೆ ಗಾಳಿ ತೆಳುವಾಗುತ್ತದೆ. ಏಪ್ರಿಲ್‌ನ 35 ಡಿಗ್ರಿ ಬಿಸಿಲಿನಲ್ಲಿ ಹಾಸನದ ಬಯಲಿನಲ್ಲಿ ನಿಂತ ವಿಮಾನಕ್ಕೆ ತಾನು ಸುಮಾರು 6,300 ಅಡಿ, ಅಂದರೆ 1,900 ಮೀಟರಿಗೂ ಹೆಚ್ಚು ಎತ್ತರದಲ್ಲಿದ್ದೇನೆ ಎಂದೇ ಅನ್ನಿಸುತ್ತದೆ. ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಟರ್ಬೋ ಇಲ್ಲದ 80 ಅಶ್ವಶಕ್ತಿಯ ಯಾವುದೇ ಎಂಜಿನ್, ಕಾರಿನದಾಗಲಿ ವಿಮಾನದ್ದಾಗಲಿ, ಆ ಹೊತ್ತಿನಲ್ಲಿ ಕೊಡುವುದು 65ರ ಆಸುಪಾಸು ಮಾತ್ರ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ರೂಪಿಸಿ, 2000ದಲ್ಲಿ ಪ್ರಮಾಣಪತ್ರ ಪಡೆದ ಹಂಸ-3 ವಿಮಾನದಲ್ಲಿ ಟರ್ಬೋ ಇರುವ ರೋಟ್ಯಾಕ್ಸ್ 914 ಎಂಜಿನ್ ಇದೆ. ದಖ್ಖನ್ ಪ್ರಸ್ಥಭೂಮಿಯ ಮೇಲೆ ಹಾರುವವರು ಆ ಆಯ್ಕೆಯನ್ನು ಗಮನಿಸಬೇಕು.

ಎತ್ತರಕ್ಕಿಂತ ದೊಡ್ಡ ಮಾತು ಕೆಳಗಿನ ನೆಲದ್ದು. ನೆಲದಿಂದ 1,000 ಅಡಿ ಮೇಲಿರುವಾಗ ಎಂಜಿನ್ ನಿಂತರೆ, ಸಾಮಾನ್ಯ ಸಣ್ಣ ವಿಮಾನವೊಂದು ತೇಲಿಕೊಂಡು ಹೋಗಬಲ್ಲದ್ದು ಎರಡೂವರೆ ಕಿಲೋಮೀಟರಿನಷ್ಟು. ಕೈಯಲ್ಲಿ ಉಳಿಯುವ ಸಮಯ ಸುಮಾರು ಒಂದೂವರೆ ನಿಮಿಷ. ಕಡೂರಿನ ಬಯಲಿನಲ್ಲಿ, ಅಥವಾ ಕೊಯ್ಲಾದ ಮೇಲೆ ಹಾಸನದ ಸುತ್ತಲಿನ ರಾಗಿ ಹೊಲಗಳಲ್ಲಿ ಆ ಒಂದೂವರೆ ನಿಮಿಷಕ್ಕೆ ಬೆಲೆ ಇದೆ. ಅರಸೀಕೆರೆಯ ತೆಂಗಿನ ತೋಟಗಳ ಮೇಲೆ ಬೆಲೆ ಕಡಿಮೆ. ಸಿಲ್ವರ್ ಓಕ್ ನೆರಳಿನ ಕಾಫಿ ತೋಟಗಳ ಮೇಲೆ, ಮುಳ್ಳಯ್ಯನಗಿರಿಯ ಇಳಿಜಾರಿನ ಮೇಲೆ ಬೆಲೆಯೇ ಇಲ್ಲ. ಆದ್ದರಿಂದ ಜರ್ಮನಿಯ ಬಯಲು ನೆಲದಲ್ಲಿಯೋ ಅಮೆರಿಕದ ಮಧ್ಯಭಾಗದ ಜೋಳದ ಹೊಲಗಳ ಮೇಲೋ ಒಪ್ಪಿಕೊಳ್ಳಬಹುದಾದ ಎಂಜಿನ್ ನಮ್ಮ ಮಲೆನಾಡಿನ ಅಂಚಿಗೂ ಒಪ್ಪುತ್ತದೆ ಎಂದು ಹೇಳಲು ನನಗೆ ಧೈರ್ಯವಿಲ್ಲ.

ಕೆಲಸವೇ ಬೇರೆ

ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಹೆದ್ದಾರಿಯಲ್ಲಿ ಹೋಗುವ ಸಣ್ಣ ಕಾರಿಗೆ ಬೇಕಾಗುವುದು ಸುಮಾರು 20 ಅಶ್ವಶಕ್ತಿ. ಎಂಜಿನ್ನಿನ ಪೂರ್ಣ ಶಕ್ತಿ ಕೇಳಿಬರುವುದು ಓವರ್‌ಟೇಕ್ ಮಾಡುವ ಕೆಲವೇ ಕ್ಷಣಗಳಿಗೆ. ವಿಮಾನದ ಎಂಜಿನ್ ಮೇಲೇರುವಾಗ ಹಲವು ನಿಮಿಷ ಪೂರ್ಣ ಶಕ್ತಿಯಲ್ಲಿ, ಆಮೇಲೆ ಗಂಟೆಗಟ್ಟಲೆ ಮುಕ್ಕಾಲು ಭಾಗದ ಶಕ್ತಿಯಲ್ಲಿ ಓಡಬೇಕು. ಇದರಿಂದ ಕಾರಿನ ಎಂಜಿನ್ ಬೇಗ ಸವೆಯುತ್ತದೆ ಎಂದು ಹಲವರು ಭಾವಿಸುತ್ತಾರೆ. ಈ ಅಂಜಿಕೆಯನ್ನು ನಾನು ಪೂರ್ತಿ ಒಪ್ಪುವುದಿಲ್ಲ, ಏಕೆಂದರೆ ದೊಡ್ಡ ಕಾರು ತಯಾರಕರು ತಮ್ಮ ಎಂಜಿನ್‌ಗಳನ್ನು ಪರೀಕ್ಷಾ ಮೇಜಿನ ಮೇಲೆ ಪೂರ್ಣ ಶಕ್ತಿಯಲ್ಲಿ ನೂರಾರು ಗಂಟೆ ಓಡಿಸಿಯೇ ಹೊರಗೆ ಬಿಡುತ್ತಾರೆ. ತೊಂದರೆ ಇರುವುದು ಬೇರೆ ಕಡೆ.

ಮೊದಲನೆಯದು ಪ್ರೊಪೆಲ್ಲರ್. 1.83 ಮೀಟರ್ ಉದ್ದದ ಪ್ರೊಪೆಲ್ಲರ್ ನಿಮಿಷಕ್ಕೆ 2,700 ಸುತ್ತು ತಿರುಗಿದಾಗ ಅದರ ತುದಿ ಸೆಕೆಂಡಿಗೆ ಸುಮಾರು 259 ಮೀಟರ್ ಚಲಿಸುತ್ತದೆ; ಶಬ್ದದ ವೇಗ ಸುಮಾರು 340. ಅದನ್ನೇ 5,000 ಸುತ್ತು ತಿರುಗಿಸಿದರೆ ತುದಿ ಶಬ್ದದ ವೇಗವನ್ನು ದಾಟಿ, ಗದ್ದಲ ಮಾಡುತ್ತದೆಯೇ ಹೊರತು ಎಳೆಯುವುದಿಲ್ಲ. ವಿಮಾನಕ್ಕೆಂದೇ ಮಾಡಿದ ಹಳೆಯ ಲೈಕಮಿಂಗ್ ಎಂಜಿನ್‌ಗಳು ಐದಾರು ಲೀಟರ್ ಗಾತ್ರವಿದ್ದೂ 160ರಿಂದ 180 ಅಶ್ವಶಕ್ತಿಗೆ ತೃಪ್ತಿಪಡುವುದು, 2,700 ಸುತ್ತಿನಲ್ಲಿಯೇ ಕೆಲಸ ಮುಗಿಸಿ ಪ್ರೊಪೆಲ್ಲರನ್ನು ಕ್ರ್ಯಾಂಕಿನ ತುದಿಗೇ ನೇರವಾಗಿ ಬಿಗಿಯಬೇಕೆಂಬ ಕಾರಣಕ್ಕೆ. ಇಂದಿನ ಒಂದೂಕಾಲು ಲೀಟರಿನ ಕಾರಿನ ಎಂಜಿನ್ ತನ್ನ ಶಕ್ತಿ ಕೊಡುವುದು 5,500 ಸುತ್ತಿನ ಆಸುಪಾಸಿನಲ್ಲಿ. ಹಾಗಾಗಿ ನಡುವೆ ವೇಗ ತಗ್ಗಿಸುವ ಗೇರ್‌ಬಾಕ್ಸೋ ಹಲ್ಲಿನ ಬೆಲ್ಟೋ ಬೇಕಾಗುತ್ತದೆ, ಮತ್ತು ಕಾರಿನ ತಯಾರಕರು ಪರೀಕ್ಷಿಸದ ಮೊದಲ ಭಾಗ ಇದೇ.

ನಾಲ್ಕು ಸಿಲಿಂಡರಿನ ಎಂಜಿನ್ ಪ್ರತಿ ಸುತ್ತಿಗೆ ಎರಡು ಬಾರಿ ಕ್ರ್ಯಾಂಕನ್ನು ಜಗ್ಗುತ್ತದೆ. ಕಾರಿನಲ್ಲಿ ಈ ಜಗ್ಗಾಟವನ್ನು ಫ್ಲೈವೀಲ್, ಕ್ಲಚ್ಚಿನ ಸ್ಪ್ರಿಂಗು, ಕೊನೆಗೆ ಟೈರಿನ ರಬ್ಬರು ನುಂಗಿಕೊಳ್ಳುತ್ತವೆ. ಪ್ರೊಪೆಲ್ಲರಿಗೆ ಅಂಥ ತಾಳ್ಮೆ ಇಲ್ಲ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಪ್ರತಿ ತಳ್ಳಿಗೂ ಅದು ಮೇಲೇರುವಂತೆ, ಎಂಜಿನ್ನಿನ ಜಗ್ಗು ಪ್ರೊಪೆಲ್ಲರ್ ಮತ್ತು ಶಾಫ್ಟಿನ ಸಹಜ ಲಯಕ್ಕೆ ಹೊಂದಿಬಿಟ್ಟರೆ ತಿರುಚುವ ಒತ್ತಡ ಬೆಳೆಯುತ್ತಲೇ ಹೋಗಿ ಗೇರಿನ ಹಲ್ಲೋ ಶಾಫ್ಟೋ ಮುರಿಯುತ್ತದೆ. ಪೈಲಟ್‌ಗೆ ಇದು ಕೇಳುವುದಿಲ್ಲ, ಮೀಟರಿನಲ್ಲಿ ಕಾಣುವುದೂ ಇಲ್ಲ. ಪ್ರೊಪೆಲ್ಲರ್ ಬದಲಿಸಿದರೆ ಲಯವೂ ಬದಲಾಗುವುದರಿಂದ, ಒಬ್ಬರ ವಿಮಾನದಲ್ಲಿ 500 ಗಂಟೆ ಓಡಿದ ಗೇರ್‌ಬಾಕ್ಸ್ ಇನ್ನೊಬ್ಬರ ವಿಮಾನದಲ್ಲಿ ಬೇರೆ ಪ್ರೊಪೆಲ್ಲರಿನೊಂದಿಗೆ ಐವತ್ತು ಗಂಟೆಗೇ ಒಡೆಯಬಹುದು. ಇಡೀ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವ ಅಂಶ ಇದು; ಹಾಸನದ ವರ್ಕ್‌ಶಾಪುಗಳಲ್ಲಿ ಲೇತ್ ಕೆಲಸ ಬಲ್ಲ ಒಳ್ಳೆಯ ಕೈಗಳಿದ್ದರೂ, ಈ ಕಂಪನವನ್ನು ಅಳೆಯುವ ಸಲಕರಣೆ ಇಲ್ಲದೆ ಗೇರ್‌ಬಾಕ್ಸನ್ನು ಸ್ವತಃ ಮಾಡಿಕೊಳ್ಳುವ ಯೋಚನೆಯನ್ನು ದಯವಿಟ್ಟು ಬಿಡಿ.

ಗೇರ್‌ಬಾಕ್ಸ್ ಇಲ್ಲದೆ ಕ್ರ್ಯಾಂಕಿಗೇ ನೇರವಾಗಿ ಪ್ರೊಪೆಲ್ಲರ್ ಬಿಗಿದರೆ ಬೇರೊಂದು ಕಷ್ಟ ಬರುತ್ತದೆ. ವಿಮಾನದ ಮೂತಿ ತಿರುಗಿದಾಗಲೆಲ್ಲ ಬುಗುರಿಯಂತೆ ತಿರುಗುವ ಪ್ರೊಪೆಲ್ಲರ್ ಕ್ರ್ಯಾಂಕಿನ ತುದಿಯನ್ನು ಬಗ್ಗಿಸಲು ನೋಡುತ್ತದೆ, ಮತ್ತು ಕಾರಿನ ಕ್ರ್ಯಾಂಕನ್ನು ಆ ಹೊರೆಗೆ ರೂಪಿಸಿರುವುದಿಲ್ಲ. ಶೆವ್ರೊಲೆ ಕಾರ್ವೇರ್ ಕಾರಿನ ಆರು ಸಿಲಿಂಡರಿನ ಎಂಜಿನ್ನನ್ನು ಹಾರಿಸಿದವರು ಮುರಿದ ಕ್ರ್ಯಾಂಕ್‌ಗಳನ್ನು ಕಂಡ ಮೇಲೆ, ಮೂಲದಲ್ಲಿ ನಾಲ್ಕೇ ಇದ್ದ ಮುಖ್ಯ ಬೇರಿಂಗುಗಳಿಗೆ ಪ್ರೊಪೆಲ್ಲರ್ ಬದಿಯಲ್ಲಿ ಐದನೆಯದನ್ನು ಸೇರಿಸತೊಡಗಿದರು.

ಆಯ್ಕೆಗಳು

ಲೈಕಮಿಂಗ್, ಕಾಂಟಿನೆಂಟಲ್ ಎಂಜಿನ್‌ಗಳ ವಿನ್ಯಾಸ ಹಳೆಯದು, ಅವು ಭಾರ, ಇಂಧನವನ್ನೂ ಹೆಚ್ಚು ಕುಡಿಯುತ್ತವೆ. ಆದರೂ ಅವುಗಳ ಪ್ರತಿ ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್, ಬ್ಯಾಟರಿಯ ಹಂಗಿಲ್ಲದೆ ತಾವೇ ಕಿಡಿ ಹುಟ್ಟಿಸುವ ಎರಡು ಮ್ಯಾಗ್ನೆಟೊ ಇರುತ್ತವೆ. ಕುದಿಯಲು ನೀರಿಲ್ಲ, ಒಡೆಯಲು ಗೇರ್‌ಬಾಕ್ಸ್ ಇಲ್ಲ. ಒಂದು ಸಿಲಿಂಡರ್ ಕೈಕೊಟ್ಟರೂ ಬಹಳ ಸಲ ಉಳಿದವು ಕುಂಟಿಕೊಂಡು ಮನೆ ಮುಟ್ಟಿಸುತ್ತವೆ. ಲೈಕಮಿಂಗ್ ಒ-360 ಎಂಜಿನ್ನನ್ನು 2,000 ಗಂಟೆ ಅಥವಾ 12 ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚಿ ಹೊಸದು ಮಾಡಬೇಕು. ಮಲೆನಾಡಿನವರು ಇದರ ಒಂದು ದೌರ್ಬಲ್ಯವನ್ನು ಮರೆಯಬಾರದು: ವಾಲ್ವುಗಳನ್ನು ತೆರೆಯುವ ಇದರ ಕ್ಯಾಮ್‌ಶಾಫ್ಟ್ ಕ್ರ್ಯಾಂಕಿನ ಮೇಲ್ಭಾಗದಲ್ಲಿರುವುದರಿಂದ ಎಂಜಿನ್ ನಿಂತಾಗ ಎಣ್ಣೆ ಕೆಳಗಿಳಿದು ಅದು ಒಣಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾರಿಸದೆ ತೇವದ ಗಾಳಿಯಲ್ಲಿ ಬಿಟ್ಟರೆ ತುಕ್ಕು ಹಿಡಿದು, ಗಂಟೆಗಳ ಲೆಕ್ಕ ಬಾಕಿ ಇರುವಾಗಲೇ ಕ್ಯಾಮ್ ಹಾಳಾಗಬಹುದು.

ಆಸ್ಟ್ರಿಯದ ರೋಟ್ಯಾಕ್ಸ್ 912, 1989ರಿಂದ ಬಂದದ್ದು. ಕಾರಿನ ಎಂಜಿನ್ನಿನ ಬಹುಪಾಲು ಗುಣಗಳು ಇದರಲ್ಲಿಯೂ ಇವೆ: ಕೇವಲ 1.2 ಅಥವಾ 1.35 ಲೀಟರ್ ಗಾತ್ರ, ಸಿಲಿಂಡರ್ ಹೆಡ್‌ಗೆ ನೀರಿನ ತಂಪು, ನಿಮಿಷಕ್ಕೆ 5,500 ಸುತ್ತು, ನಡುವೆ ಗೇರ್‌ಬಾಕ್ಸ್. ವ್ಯತ್ಯಾಸವೆಂದರೆ ಆ ಗೇರ್‌ಬಾಕ್ಸನ್ನೂ ಅದರೊಳಗಿನ ಜಗ್ಗು ತಡೆಯುವ ವ್ಯವಸ್ಥೆಯನ್ನೂ ಎಂಜಿನ್ ಮಾಡಿದವರೇ ಪ್ರೊಪೆಲ್ಲರಿಗಾಗಿ ರೂಪಿಸಿದ್ದಾರೆ, ಮತ್ತು ಅದೇ ಜೋಡಣೆ ಜಗತ್ತಿನಾದ್ಯಂತ ಸಾವಿರಾರು ವಿಮಾನಗಳಲ್ಲಿ ಓಡುತ್ತಿದೆ. ಸುತ್ತುಗಳ ಸಂಖ್ಯೆ ಹೆಚ್ಚಾದರೆ ಬಾಳಿಕೆ ಕಡಿಮೆ ಎಂಬ ಹಳೆಯ ನಂಬಿಕೆಯನ್ನು ಈ ಎಂಜಿನ್ ಸುಳ್ಳು ಮಾಡಿದೆ. 2021ರಲ್ಲಿ ಹಾರಿದ ಹಂಸದ ಹೊಸ ಅವತರಣಿಕೆಯಲ್ಲಿಯೂ ಇದೇ ಕುಟುಂಬದ ಎಂಜಿನ್ ಇದೆ. ಇದರ ರಬ್ಬರ್ ಹೋಸ್‌ಗಳನ್ನೆಲ್ಲ ಐದು ವರ್ಷಕ್ಕೊಮ್ಮೆ ತಪ್ಪದೆ ಬದಲಿಸಬೇಕು. ನೋಡಲು ಚೆನ್ನಾಗಿವೆ ಎಂದು ಮುಂದೂಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ವಿಮಾನಕ್ಕೆಂದೇ ಮಾಡಿದ ಮಾತ್ರಕ್ಕೆ ಎಲ್ಲವೂ ಸರಿಯಿರುತ್ತದೆ ಎಂದೂ ತಿಳಿಯಬಾರದು. ಜಬಿರು ಎಂಬ ಆಸ್ಟ್ರೇಲಿಯದ ವಿಮಾನ ಎಂಜಿನ್‌ಗಳು ಪದೇ ಪದೇ ವಿಫಲವಾದ ಕಾರಣಕ್ಕೆ 2014ರ ಡಿಸೆಂಬರ್‌ನಲ್ಲಿ ಅಲ್ಲಿನ ವಿಮಾನಯಾನ ಪ್ರಾಧಿಕಾರವೇ ಅವುಗಳ ಹಾರಾಟಕ್ಕೆ ಮಿತಿ ಹಾಕಿ, 2016ರಲ್ಲಿ ಅದನ್ನು ಸಡಿಲಿಸಿತು.

ಕಾರಿನ ಕಡೆ ಬಂದರೆ, ಗಾಳಿಯಿಂದಲೇ ತಣಿಯುವ ಫೋಕ್ಸ್‌ವ್ಯಾಗನ್ ಬೀಟಲ್ ಎಂಜಿನ್ ಎಲ್ಲಕ್ಕಿಂತ ಸರಳ. ಪ್ರೊಪೆಲ್ಲರ್ ಚಿಕ್ಕದಾಗಿದ್ದರೆ ಗೇರ್‌ಬಾಕ್ಸೇ ಬೇಡ: 1.4 ಮೀಟರಿನ ಪ್ರೊಪೆಲ್ಲರ್ 3,400 ಸುತ್ತಿನಲ್ಲಿಯೂ ತುದಿಯ ವೇಗವನ್ನು 250 ಮೀಟರಿನೊಳಗೆ ಇಡುತ್ತದೆ. ಲಿಂಬಾಖ್ ಎಂಬ ಜರ್ಮನ್ ಸಂಸ್ಥೆ ಇದೇ ವಿನ್ಯಾಸದಿಂದ ಬೆಳೆಸಿದ ಎಂಜಿನ್‌ಗಳು ಪ್ರಮಾಣಪತ್ರ ಪಡೆದು ಷೈಬೆ ಫಾಲ್ಕೆ ಎಂಬ ಮೋಟಾರ್ ಗ್ಲೈಡರಿನಲ್ಲಿ ದಶಕಗಳಿಂದ ಹಾರುತ್ತಿವೆ. ಇದರ ಮಿತಿ ಇರುವುದು ಸಿಲಿಂಡರ್ ಹೆಡ್‌ನಲ್ಲಿ. ಅದು ಹೊರಹಾಕಬಲ್ಲ ಶಾಖಕ್ಕಿಂತ ಹೆಚ್ಚು ಶಕ್ತಿ ಕೇಳಿದರೆ ಎಕ್ಸಾಸ್ಟ್ ವಾಲ್ವ್ ಸುಡುತ್ತದೆ. ಕಾಗದದ ಮೇಲೆ 80 ಅಶ್ವಶಕ್ತಿ ಎಂದು ಬರೆದಿದ್ದರೂ ಗಂಟೆಗಟ್ಟಲೆ ಅದನ್ನು ಎಳೆಯಲಾಗದು. ನಮ್ಮ ತೆಳುಗಾಳಿಯಲ್ಲಿ ಒಬ್ಬರೇ ಕೂರುವ ಹಗುರ ವಿಮಾನಕ್ಕೆ ಇದು ಸರಿ, ಇಬ್ಬರನ್ನು ಹೊರಲು ಸಾಲದು ಎಂಬುದು ನನ್ನ ತೀರ್ಮಾನ.

ನೀರಿನಿಂದ ತಣಿಯುವ ಸುಬಾರು, ಹೋಂಡಾ, ಸುಜುಕಿ ಎಂಜಿನ್‌ಗಳದು ಇನ್ನೊಂದು ಗುಂಪು. ಗೈರೋಕಾಪ್ಟರ್ ಎಂಬ, ತಲೆಯ ಮೇಲೆ ಗಾಳಿಗೇ ತಿರುಗುವ ರೆಕ್ಕೆಯ ಹಗುರ ವಿಮಾನ ಕಟ್ಟುವವರು ಸುಬಾರು ಇಎ81 ಎಂಜಿನ್ನನ್ನು ಬಹಳ ಮೆಚ್ಚಿದ್ದರು. ಸುಜುಕಿಯ 1.3 ಲೀಟರ್ ಜಿ13 ಎಂಜಿನ್ ನಮ್ಮಲ್ಲಿ ಮಾರುತಿ ಎಸ್ಟೀಮ್ ಮತ್ತು ಜಿಪ್ಸಿಗಳಲ್ಲಿ ಓಡಿದ್ದರಿಂದ ಅದರ ಗುಣ ಬಲ್ಲ ಮೆಕ್ಯಾನಿಕ್‌ಗಳು ಹಾಸನದಲ್ಲಿಯೇ ಸಿಗುತ್ತಾರೆ, ಬಿಡಿಭಾಗಗಳೂ ಅಗ್ಗ. ಇವುಗಳ ನಿಜವಾದ ಅನುಕೂಲ ಇನ್ನೊಂದಿದೆ. ಮಳೆಗಾಲದ ತೇವದಲ್ಲಿ, ಹೊರಗೆ 20 ಡಿಗ್ರಿ ಇರುವಾಗಲೂ ಕಾರ್ಬ್ಯುರೇಟರಿನ ಒಳಗೆ ಮಂಜುಗಡ್ಡೆ ಕಟ್ಟಿ ಎಂಜಿನ್ ಉಸಿರುಗಟ್ಟಬಹುದು. ಫ್ಯುಯೆಲ್ ಇಂಜೆಕ್ಷನ್ ಇರುವ ಎಂಜಿನ್ನಿಗೆ ಆ ಕಾಟವಿಲ್ಲ. ಆದರೆ ರೇಡಿಯೇಟರ್, ಹೋಸ್, ಬೆಲ್ಟ್, ಗೇರ್‌ಬಾಕ್ಸ್, ಕಂಪ್ಯೂಟರ್, ಪಂಪ್ ಇವುಗಳಲ್ಲಿ ಯಾವುದೊಂದು ನಿಂತರೂ ಎಂಜಿನ್ ನಿಲ್ಲುತ್ತದೆ. ನೂರು ರೂಪಾಯಿಯ ಹೋಸ್ ಕ್ಲಿಪ್ ಸಡಿಲವಾದರೆ ಕಾರನ್ನು ಶಿರಾಡಿ ಘಾಟಿಯ ಬದಿಗೆ ನಿಲ್ಲಿಸಿ ನೀರು ತುಂಬಬಹುದು. ಆಕಾಶದಲ್ಲಿ ನಿಲ್ಲಿಸಲು ಬದಿ ಇಲ್ಲ.

ವಿದ್ಯುತ್ತು ಮತ್ತು ಇಂಧನ

ಕಾರಿನ ಮೂಲದ ಎಂಜಿನ್‌ಗಳು ಪ್ರಮಾಣಪತ್ರ ಪಡೆದೂ ಎಲ್ಲಿ ಎಡವಿದವು ಎಂಬುದಕ್ಕೆ ಜರ್ಮನಿಯ ಷ್ಪೇಯರ್‌ನಲ್ಲಿ 2007ರ ಮಾರ್ಚ್ 4ರಂದು ನಡೆದ ಅಪಘಾತಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. ಡೈಮಂಡ್ ಡಿಎ42 ಎಂಬ ಆ ವಿಮಾನದಲ್ಲಿ ಮರ್ಸಿಡಿಸ್ ಕಾರಿನ ಡೀಸೆಲ್ ಎಂಜಿನ್ನಿನಿಂದ ಬೆಳೆಸಿದ ಎರಡು ಟೀಲರ್ಟ್ ಎಂಜಿನ್‌ಗಳಿದ್ದವು. ಬ್ಯಾಟರಿ ಖಾಲಿಯಾಗಿತ್ತು, ಹೊರಗಿನ ವಿದ್ಯುತ್ತಿನಿಂದ ಎಂಜಿನ್‌ಗಳನ್ನು ಚಾಲೂ ಮಾಡಿ ಹೊರಟರು. ನೆಲ ಬಿಟ್ಟ ಕೂಡಲೇ ಚಕ್ರಗಳನ್ನು ಒಳಗೆಳೆಯುವ ಮೋಟಾರು ವಿದ್ಯುತ್ತನ್ನು ಜಗ್ಗಿತು, ವೋಲ್ಟೇಜ್ ಕ್ಷಣಕಾಲ ಕುಸಿಯಿತು, ಎಂಜಿನ್‌ಗಳನ್ನು ನಿಯಂತ್ರಿಸುವ ಕಂಪ್ಯೂಟರುಗಳು ಮರುಚಾಲನೆಗೆ ಹೋದವು, ಎರಡೂ ಎಂಜಿನ್‌ಗಳು ಒಟ್ಟಿಗೆ ನಿಂತವು. ವಿಮಾನ ಹೊಟ್ಟೆಯ ಮೇಲೆ ಇಳಿಯಿತು, ಒಳಗಿದ್ದವರು ಬದುಕುಳಿದರು. ಎಂಜಿನ್‌ಗಳ ಒಳಗೆ ಯಾವ ದೋಷವೂ ಇರಲಿಲ್ಲ. ಅದೇ ತಯಾರಕರ ಎಂಜಿನ್‌ಗಳಲ್ಲಿ ಗೇರ್‌ಬಾಕ್ಸನ್ನು ಮೊದಲ ವರ್ಷಗಳಲ್ಲಿ 300 ಗಂಟೆಗೊಮ್ಮೆ ಬದಲಿಸಬೇಕಾಗಿತ್ತು ಎಂಬುದನ್ನೂ ಇದರ ಜೊತೆಗಿಟ್ಟು ನೋಡಿ.

ಮನೆಯಲ್ಲಿ ಮಾರ್ಪಡಿಸುವವರು ಇದರಿಂದ ಲೆಕ್ಕ ಹಾಕಬೇಕು. ಪೆಟ್ರೋಲ್ ಪಂಪ್, ಕಂಪ್ಯೂಟರ್, ಇಗ್ನಿಷನ್ ಕಾಯಿಲ್ ಎಲ್ಲ ಸೇರಿ 12 ಆಂಪಿಯರ್ ಎಳೆಯುತ್ತವೆ ಎಂದಿಟ್ಟುಕೊಳ್ಳಿ. ಬ್ಯಾಟರಿಗೆ ವಿದ್ಯುತ್ತು ತುಂಬುವ ಆಲ್ಟರ್ನೇಟರ್ ಸತ್ತ ಮೇಲೆ 18 ಆಂಪಿಯರ್-ಗಂಟೆಯ ಹೊಸ ಬ್ಯಾಟರಿ ಒಂದೂವರೆ ಗಂಟೆ ಬರಬೇಕು; ಎರಡು ಬೇಸಿಗೆ ಕಂಡ ಬ್ಯಾಟರಿ ಅದರ ಅರ್ಧವೂ ಬಾರದೆ ಹೋಗಬಹುದು. ಎರಡು ಬ್ಯಾಟರಿ, ಎರಡು ಪಂಪ್, ಸಾಧ್ಯವಿದ್ದರೆ ಎರಡು ಕಂಪ್ಯೂಟರ್, ಅವುಗಳಿಗೆ ಬೇರೆ ಬೇರೆ ವಯರಿಂಗ್ ಇಲ್ಲದ ಇಂಜೆಕ್ಷನ್ ಎಂಜಿನ್ನನ್ನು ನಾನು ಯಾರಿಗೂ ಹೇಳುವುದಿಲ್ಲ. ಕಾರಿನ ಮೂಲ ಕಂಪ್ಯೂಟರನ್ನೇ ಉಳಿಸಿಕೊಳ್ಳುವುದೂ ಬೇಡ: ಯಾವುದೋ ಸೆನ್ಸರ್ ಕೆಟ್ಟರೆ ಎಂಜಿನ್ನನ್ನು ಕಾಪಾಡಲೆಂದು ಅದು ಶಕ್ತಿಯನ್ನು ತಗ್ಗಿಸುತ್ತದೆ. ಮರಗಳ ಮೇಲಿರುವವರಿಗೆ ಬೇಕಾದದ್ದು ಎಂಜಿನ್ ಸುಟ್ಟುಹೋದರೂ ಸರಿ, ಇನ್ನೆರಡು ನಿಮಿಷ ಎಳೆಯುವ ವ್ಯವಸ್ಥೆ.

ಇಂಧನದ ವಿಷಯ ನಮ್ಮಲ್ಲಿ ಈಚೆಗೆ ಇನ್ನಷ್ಟು ಕಠಿಣವಾಗಿದೆ. ಬಂಕುಗಳಲ್ಲಿ ಈಗ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥೆನಾಲ್ ಇರುತ್ತದೆ; ರೋಟ್ಯಾಕ್ಸ್ 912 ಎಂಜಿನ್ನಿಗೆ ತಯಾರಕರು ಒಪ್ಪಿರುವುದು ಶೇಕಡ 10ರವರೆಗೆ. ಹೊಸ ಕಾರಿನ ಎಂಜಿನ್ 20ನ್ನು ತಾಳಿಕೊಳ್ಳುತ್ತದೆ ಎಂದು ಸಮಾಧಾನಪಡುವವರು ತಮ್ಮ ಫೈಬರ್ ಟ್ಯಾಂಕ್, ಅದರ ಸೀಲು ಮತ್ತು ಹೋಸ್‌ಗಳು ತಾಳಿಕೊಳ್ಳುತ್ತವೆಯೇ ಎಂದು ಕೇಳಿಕೊಳ್ಳಬೇಕು. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ಸಾಮಾನ್ಯ ಪೆಟ್ರೋಲಿನಲ್ಲಿ ನೀರು ತಳಕ್ಕಿಳಿದು ಹಾರುವ ಮುನ್ನ ಬಸಿದು ನೋಡುವಾಗ ಕಣ್ಣಿಗೆ ಬೀಳುತ್ತದೆ. ಎಥೆನಾಲ್ ಇದ್ದರೆ ಅದು ಕರಗಿ ಅಡಗಿದ್ದು, ಮೇಲೆ ತಂಪಾದಾಗ ಒಮ್ಮೆಲೇ ಬೇರ್ಪಡಬಹುದು. ಅಳತೆಯ ಗಾಜಿನ ಕೊಳವೆಯಲ್ಲಿ 10 ಮಿಲಿಲೀಟರ್ ನೀರಿಟ್ಟು, 100ರ ಗೆರೆಯವರೆಗೆ ಪೆಟ್ರೋಲ್ ತುಂಬಿ, ಕುಲುಕಿ ನಿಲ್ಲಿಸಿ. ತಳದ ನೀರಿನ ಮಟ್ಟ 10ಕ್ಕಿಂತ ಮೇಲೇರಿದ್ದರೆ ಎಥೆನಾಲ್ ಇದೆ ಎಂದು ಅರ್ಥ. ಸೀಸ ಬೆರೆತ ವಿಮಾನ ಪೆಟ್ರೋಲನ್ನು ಇಂಡಿಯನ್ ಆಯಿಲ್ 2022ರಿಂದ ದೇಶದಲ್ಲಿಯೇ ತಯಾರಿಸುತ್ತಿದೆಯಾದರೂ, ಹಾಸನಕ್ಕೆ ಅದನ್ನು ತರಿಸುವ ಖರ್ಚು ಮತ್ತು ಅನುಮತಿಯನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಯಾರಿಗೆ ಯಾವುದು

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮನೆಯಲ್ಲಿ ಕಟ್ಟಿದ ವಿಮಾನಗಳು ಅಲ್ಲಿನ ಸಣ್ಣ ವಿಮಾನಗಳಲ್ಲಿ ಸುಮಾರು ಶೇಕಡ 10ರಷ್ಟಿದ್ದರೂ 2011ರ ಪ್ರಾಣಾಂತಿಕ ಅಪಘಾತಗಳಲ್ಲಿ ಅವುಗಳ ಪಾಲು ಶೇಕಡ 21. ಎಂಜಿನ್ ವ್ಯವಸ್ಥೆಯ ವೈಫಲ್ಯ ಅದರ ಮುಖ್ಯ ಕಾರಣಗಳಲ್ಲೊಂದು. ಅಲ್ಲಿನ ನಿಯಮದಲ್ಲಿಯೂ ಪ್ರಮಾಣಪತ್ರವಿರುವ ಎಂಜಿನ್ ಮತ್ತು ಪ್ರೊಪೆಲ್ಲರ್ ಜೋಡಿಗೆ ರೂಢಿಯ ಪರೀಕ್ಷಾ ಹಾರಾಟ 25 ಗಂಟೆ, ಇತರ ಜೋಡಿಗಳಿಗೆ 40.

ಮಲೆನಾಡಿನ ಮೇಲೆ, ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರುವ ಉದ್ದೇಶವಿದ್ದರೆ ರೋಟ್ಯಾಕ್ಸ್ ಅಥವಾ ಲೈಕಮಿಂಗ್ ಬಿಟ್ಟು ಬೇರೆಯದನ್ನು ನಾನು ಸೂಚಿಸಲಾರೆ. ಎರಡರಲ್ಲಿ ಹಗುರ ವಿಮಾನಕ್ಕೆ ರೋಟ್ಯಾಕ್ಸ್, ಸಾಧ್ಯವಾದರೆ ಟರ್ಬೋ ಇರುವುದು. ಹಣ ಸಾಲದಿದ್ದರೆ ವಿಮಾನವನ್ನು ಇನ್ನಿಬ್ಬರೊಡನೆ ಪಾಲಿನಲ್ಲಿ ಕಟ್ಟಿ, ಎಂಜಿನ್ನಿನಲ್ಲಿ ಉಳಿತಾಯ ಮಾಡಬೇಡಿ. ಕಡೂರಿನಂಥ ಬಯಲಿನ ಮೇಲೆ ಒಬ್ಬರೇ, ಹಗಲಿನಲ್ಲಿ, ಸದಾ ಒಂದು ಹೊಲವನ್ನು ಕಣ್ಣಳತೆಯಲ್ಲಿಟ್ಟುಕೊಂಡು ಹಾರುವವರಿಗೆ ಫೋಕ್ಸ್‌ವ್ಯಾಗನ್ ಮೂಲದ ಎಂಜಿನ್ ಒಪ್ಪತಕ್ಕದ್ದು. ನೀರಿನ ತಂಪಿನ ಕಾರಿನ ಎಂಜಿನ್ ಬೇಕೇ ಬೇಕೆನ್ನುವವರು ಗೇರ್‌ಬಾಕ್ಸ್, ಪ್ರೊಪೆಲ್ಲರ್, ಕಂಪ್ಯೂಟರ್ ಸಮೇತ ಒಂದೇ ಕಡೆಯಿಂದ ಬರುವ ಜೋಡಣೆಯನ್ನು ಕೊಂಡು, ಅದರ ಒಂದು ಬೋಲ್ಟನ್ನೂ ಬದಲಿಸದೆ ಹಾಕಿಕೊಳ್ಳಲಿ. ವಿದ್ಯಾರ್ಥಿಗಳಿಗೆ ನಾನು ಹೇಳುವುದೇ ಬೇರೆ: ಎಸ್ಟೀಮ್ ಎಂಜಿನ್ ತನ್ನಿ, ಗೇರ್‌ಬಾಕ್ಸ್ ರೂಪಿಸಿ, ಕಾಲೇಜಿನ ಅಂಗಳದಲ್ಲಿ ಗಟ್ಟಿ ಚೌಕಟ್ಟಿಗೆ ಬಿಗಿದು ನೂರಾರು ಗಂಟೆ ಓಡಿಸಿ, ಮುರಿದದ್ದನ್ನೆಲ್ಲ ಬರೆದಿಡಿ. ಕಲಿಕೆ ಅಲ್ಲಿಯೇ ಇದೆ. ಹಾರಿಸುವ ಮಾತು ಬಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಅನುಮತಿ ಇಲ್ಲದೆ ಯಾವ ವಿಮಾನವೂ ನೆಲ ಬಿಡುವಂತಿಲ್ಲ, ಮತ್ತು ಎಂಜಿನ್ ಕೊಳ್ಳುವ ಮೊದಲೇ ಅವರನ್ನು ಕೇಳಿಕೊಳ್ಳುವುದು ಒಳ್ಳೆಯದು.

ಯಾವುದನ್ನು ಆರಿಸಿದರೂ ಮೊದಲ ಹಾರಾಟಕ್ಕೆ ಮುಂಚೆ ಒಂದು ಅಳತೆಯನ್ನು ಬಿಡಬೇಡಿ. ವಿಮಾನದ ಮೂತಿಯನ್ನು ಮೇಲೇರುವಾಗಿನಷ್ಟೇ ಎತ್ತಿ ನಿಲ್ಲಿಸಿ, ಎಂಜಿನ್ನಿಗೆ ಹೋಗುವ ಇಂಧನದ ಪೈಪನ್ನು ಬಿಚ್ಚಿ ಕ್ಯಾನಿಗೆ ಹಿಡಿದು, ಗಡಿಯಾರ ನೋಡಿ ಅಳೆಯಿರಿ. ಪೂರ್ಣ ಶಕ್ತಿಯಲ್ಲಿ ಎಂಜಿನ್ ಕುಡಿಯುವುದಕ್ಕಿಂತ, ಪಂಪ್ ಇರುವಲ್ಲಿ ಕಾಲು ಭಾಗ ಹೆಚ್ಚು, ಗುರುತ್ವದಿಂದಲೇ ಇಳಿಯುವಲ್ಲಿ ಅರ್ಧದಷ್ಟು ಹೆಚ್ಚು ಬರಬೇಕು. ಟ್ಯಾಂಕಿನಲ್ಲಿ ಬಹುತೇಕ ಖಾಲಿ ಎನ್ನುವಷ್ಟು ಕಡಿಮೆ ಪೆಟ್ರೋಲ್ ಇಟ್ಟುಕೊಂಡು, ಮಧ್ಯಾಹ್ನದ ಬಿಸಿಲಿನಲ್ಲಿ ಅದನ್ನು ಮತ್ತೊಮ್ಮೆ ಮಾಡಿ.